ಹೇಳಿಕೊಂಡ ಸಂತೋಷ



ಸಂಚಿಕೆಯ ಸಂಪಾದಕ ಮಂಡಲಿಯವರು ಎಂದಿನಂತೆ ಈ ಸಾರಿಯೂ ನಮ್ಮಿಂದ ನಾಲ್ಕು ಪುಟಗಳನ್ನು ಬೇಡಿದ್ದಾರೆ. ಪರೀಕ್ಷೆಯ ಫಲಿತಾಂಶ, ಪ್ರಯೋಗಶಾಲೆಯ ಖರ್ಚು, ಉಪಕಾರ ಮಾಡಿದವರ ಹೆಸರು, ಇವೆಲ್ಲ ವರದಿಯಲ್ಲಿ ಅಚ್ಚಾಗಿವೆ. ಅವನ್ನೇ ತಿರುಗಿ ಹೇಳಿ ವಾಚಕರ ತಾಳ್ಮೆಯನ್ನು ಪರೀಕ್ಷಿಸುವದು ನ್ಯಾಯವಲ್ಲ. ಆದದರಿಂದ ಯಾವ ವರದಿಯಲ್ಲಿಯೂ ಸೇರದ ಒಂದು ಸಂಗತಿಯನ್ನು ಕುರಿತು ಬರೆಯಲು ಮನಸ್ಸು ಮಾಡಿದ್ದೇವೆ. ಈಚೆಗೆ ನಾವು ನೋಡಿದ್ದೇನು, ಓದಿದ್ದೇನು, ದಿನದ ಕೆಲಸದ ನಡುವೆ ನಮ್ಮನ್ನು ಸಂತೋಷಪಡಿಸಿದ ಚಿಕ್ಕ ವಿಷಯಗಳು ಯಾವವು ಎಂಬದೇ ಆ ಸಂಗತಿ. ಮುಖ್ಯೋಪಾಧ್ಯಾಯಿನಿಯು ದೂರದರ್ಶನದ ಮಾತೆತ್ತುವಳೇ ಎಂದು ನಮ್ಮಲ್ಲಿ ಕಲಿತುಹೋದ ಕೆಲವರು ನಗಬಹುದು. ನಗಲಿ. ಅವರ ನಗುವಿಗೆ ಕಾರಣವುಂಟೆಂಬದನ್ನು ಮುಂದೆ ನಾವೇ ಒಪ್ಪಿಕೊಳ್ಳಲಿದ್ದೇವೆ.

ನಾವು ದೂರದರ್ಶನದ ಪೆಟ್ಟಿಗೆಯನ್ನು ಮೊದಲು ಕಂಡದ್ದು 1987ರಲ್ಲಿ, ನಮ್ಮ ಎಂಟನೆಯ ವಯಸ್ಸಿನಲ್ಲಿ. ಕರಾವಳಿಯ ಚಿಕ್ಕ ಊರಿನ ನಮ್ಮ ಕೇರಿಗೆಲ್ಲ ಅದು ಒಂದೇ, ಇದ್ದದ್ದು ನೆರೆಮನೆಯಲ್ಲಿ. ಗಾಳಿ ಬೀಸಿದರೆ ಚಿತ್ರವು ಅಳಿಸಿಹೋಗುವದು. ಆ ಮನೆಯ ಹುಡುಗನು ಮಾಡಿನ ಮೇಲೇರಿ ಆಂಟೆನಾ ತಿರುಗಿಸುವನು. ನಾವೆಲ್ಲರೂ ಕೆಳಗಿನಿಂದ “ಬಂತು, ಬಂತು, ಅಯ್ಯೋ ಹೋಯಿತು” ಎಂದು ಕೂಗುವೆವು. ಶಂಕರ ನಾಗ್ ಅವರು ಆರ್. ಕೆ. ನಾರಾಯಣ್ ಅವರ ಕತೆಗಳಿಂದ ಮಾಡಿದ ‘ಮಾಲ್ಗುಡಿ ಡೇಸ್’ ಅನ್ನು ನಾವು ನೋಡಿದ್ದು ಹಾಗೆಯೇ. ಅದರ ಹಿಂದಿ ಮಾತು ನಮಗೆ ತಿಳಿಯುತ್ತಿರಲಿಲ್ಲ. ಆದರೆ ಅದನ್ನು ಚಿತ್ರಿಸಿದ್ದು ಘಟ್ಟದ ಮೇಲಣ ನಮ್ಮ ಆಗುಂಬೆಯಲ್ಲಿ ಎಂದು ಹಿರಿಯರು ಹೇಳಿದ್ದರಿಂದ, ಅಲ್ಲಿಯ ಜಗಲಿ, ಹಂಚಿನ ಮಾಡು, ಸುರಿಯುವ ಮಳೆ ಎಲ್ಲವೂ ನಮ್ಮವೇ ಎಂದು ಹೆಮ್ಮೆಪಡುತ್ತಿದ್ದೆವು.

ಅದೇ ವರ್ಷದ ಜನವರಿಯಲ್ಲಿ ರಾಮಾನಂದ ಸಾಗರ್ ಅವರ ‘ರಾಮಾಯಣ’ವು ಆರಂಭವಾಗಿತ್ತು. ಅದು ಬರುತ್ತಿದ್ದದ್ದು ಭಾನುವಾರ ಬೆಳಿಗ್ಗೆ. ನಾವು ದೇವಾಲಯದಲ್ಲಿ ಕುಳಿತಿರುತ್ತಿದ್ದದ್ದೂ ಅದೇ ಹೊತ್ತಿನಲ್ಲಿ. ಆರಾಧನೆ ಮುಗಿಸಿ ಓಡಿ ಬರುವಷ್ಟರಲ್ಲಿ ಆ ದಿನದ ಕತೆ ಮುಗಿದಿರುತ್ತಿತ್ತು. ಆಗ ನೆರೆಮನೆಯ ಅಕ್ಕನವರು ಬಾವಿಕಟ್ಟೆಯ ಬಳಿ ಕೊಡವನ್ನು ಇಳಿಸಿಟ್ಟು, ನಮ್ಮ ತಾಯಿಗೂ ನಮಗೂ ಆದಿಯಿಂದ ಕಡೆಯ ವರೆಗೆ ಎಲ್ಲವನ್ನೂ ಹೇಳುವರು. ಮಂಥರೆಯ ಮಾತು ಬಂದಾಗ ಬೆನ್ನು ಬಾಗಿಸುವರು. ಹನುಮಂತನು ಸಮುದ್ರವನ್ನು ಹಾರಿದ ದಿನ ಅವರ ಕಾಲು ತಗಲಿ ತುಂಬಿದ ಕೊಡವೇ ಉರುಳಿತು. 2020ರ ಮಾರ್ಚಿಯಲ್ಲಿ ಮಹಾವ್ಯಾಧಿಯ ನಿಮಿತ್ತ ದೇಶವೆಲ್ಲ ಬಾಗಿಲು ಮುಚ್ಚಿದಾಗ ದೂರದರ್ಶನದವರು ಆ ಧಾರಾವಾಹಿಯನ್ನು ಮರಳಿ ತೋರಿಸಿದರು. ಆಗ ನಾವು ಅದನ್ನು ಕಣ್ಣಾರೆ ನೋಡಿದೆವು. ಚೆನ್ನಾಗಿಯೇ ಇತ್ತು, ಆದರೆ ಬಾವಿಕಟ್ಟೆಯ ರಾಮಾಯಣದಷ್ಟು ಚೆನ್ನಾಗಿರಲಿಲ್ಲ.

ಇಷ್ಟನ್ನು ಬಲ್ಲ ನಾವು ಉಪಾಧ್ಯಾಯಿನಿಯಾದ ಮೇಲೆ ಅದನ್ನೆಲ್ಲ ಹೇಗೆ ಮರೆತೆವೋ ತಿಳಿಯದು. ಪುಸ್ತಕವು ಒಳ್ಳೆಯದು, ಪರದೆಯು ಕೆಟ್ಟದ್ದು ಎಂದು ಎರಡು ಪಟ್ಟಿಗಳನ್ನು ಮಾಡಿಕೊಂಡು ಅನೇಕ ವರ್ಷ ಪಾಠ ಹೇಳಿದೆವು. ನಾಲ್ಕು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯಲ್ಲಿ ಶುಕ್ರವಾರದ ಕಡೆಯ ಪಿರಿಯಡನ್ನು ಪಾಠಕ್ಕೆ ಬಳಸದೆ, ಆ ವಾರ ಓದಿದ್ದನ್ನು ಹೇಳುವದಕ್ಕೆಂದು ಬಿಟ್ಟುಕೊಟ್ಟೆವು. ಮೊದಲು ಕೆಲವು ವಾರ ಎಲ್ಲವೂ ನಮ್ಮ ಇಷ್ಟದಂತೆ ನಡೆಯಿತು. ಒಂದು ಶುಕ್ರವಾರ, ಹಿಂದಿನ ಬೆಂಚಿನಿಂದ ಎಂದೂ ಮಾತಾಡದ ಬಾಲಿಕೆಯೊಬ್ಬಳು ಎದ್ದು ನಿಂತು, ಸಂಜೆ ಬರುವ ಒಂದು ಧಾರಾವಾಹಿಯ ಕತೆಯನ್ನು ಹೇಳತೊಡಗಿದಳು. ಸೊಸೆ, ಅತ್ತೆ, ಕಳೆದುಹೋದ ಬಳೆ ಎಂದು ನಾಲ್ಕು ಮಾತು ಆಗುವಷ್ಟರಲ್ಲಿ ನಾವು ಕೈಯೆತ್ತಿ, “ಶಾಲೆಯಲ್ಲಿ ಹೇಳತಕ್ಕ ಮಾತೇ ಇದು?” ಎಂದೆವು. ತರಗತಿಯು ನಕ್ಕಿತು. ಅವಳು ಕುಳಿತಳು. ಮುಂದಿನ ಐದು ಶುಕ್ರವಾರಗಳಲ್ಲಿ ಅವಳ ಸರದಿ ಬಂದಾಗಲೆಲ್ಲ “ಏನೂ ಇಲ್ಲ, ಟೀಚರ್” ಎಂದು ಹೇಳಿ ತಲೆ ತಗ್ಗಿಸುತ್ತಿದ್ದಳು.

ಪಾಲಕರ ಸಭೆಯ ದಿನ ಅವಳ ತಾಯಿಯು ಬಂದರು. ಅವರು ಗೇರುಬೀಜದ ಕಾರ್ಖಾನೆಯಲ್ಲಿ ಕೆಲಸ ಮಾಡುವವರು. ಅರ್ಧ ದಿನದ ಕೂಲಿಯನ್ನು ಬಿಟ್ಟು ಬಂದಿದ್ದರು. ಮಗಳ ಅಭ್ಯಾಸ ಹೇಗೆ ಸಾಗಿದೆ ಎಂದು ಕೇಳಿದ ಮೇಲೆ, ಏನೋ ತಪ್ಪನ್ನು ಒಪ್ಪಿಕೊಳ್ಳುವವರಂತೆ ತಾವಾಗಿ ಹೇಳಿದರು: “ಸಂಜೆ ಅರ್ಧ ಗಂಟೆ ಟಿ.ವಿ. ಹಾಕ್ತಾಳೆ, ಟೀಚರ್. ಬೈಬೇಡಿ. ನಮ್ಮ ಅತ್ತೆಯವರು ಮಲಗಿದಲ್ಲೇ ಇದ್ದಾರೆ, ಕಣ್ಣು ಪೂರಾ ಹೋಗಿದೆ. ಇವಳು ಪಕ್ಕದಲ್ಲಿ ಕೂತು, ಯಾರು ಬಂದರು, ಯಾರು ಅತ್ತರು, ಯಾವ ಸೀರೆ ಉಟ್ಟರು ಎಂದು ಹೇಳಬೇಕು. ಹೇಳದಿದ್ದರೆ ಅವರಿಗೆ ಗಂಜಿ ಇಳಿಯುವದಿಲ್ಲ.”

ನಮ್ಮಿಂದ ಮಾತು ಹೊರಡಲಿಲ್ಲ. ಬಾವಿಕಟ್ಟೆಯೂ ಉರುಳಿದ ಕೊಡವೂ ಕಣ್ಣಿಗೆ ಕಟ್ಟಿದವು. ನಾವು ಎಂಟನೆಯ ವಯಸ್ಸಿನಲ್ಲಿ ಯಾರಿಂದ ಕತೆ ಹೇಳುವ ವಿದ್ಯೆಯನ್ನು ಕಂಡೆವೋ, ಅಂಥವಳೇ ಒಬ್ಬಳು ನಮ್ಮ ತರಗತಿಯಲ್ಲಿ ಎದ್ದು ನಿಂತಿದ್ದಳು. ಅವಳನ್ನು ನಾವು ಕೂಡ್ರಿಸಿದ್ದೆವು. ಮುಂದಿನ ಶುಕ್ರವಾರ ಎಲ್ಲರ ಎದುರಿನಲ್ಲಿ ತಪ್ಪಾಯಿತೆಂದು ಹೇಳಿದೆವು. ಎಲ್ಲರ ಎದುರಿನಲ್ಲಿ ಮಾಡಿದ ತಪ್ಪನ್ನು ಕೋಣೆಗೆ ಕರೆದು ಒಪ್ಪಿಕೊಳ್ಳುವದು ಸರಿಯಲ್ಲವೆಂದು ನಮಗೆ ತೋಚಿತು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಪರವಾಗಿಲ್ಲ, ಟೀಚರ್. ಬಳೆ ಸಿಕ್ಕಿತು. ಎಲ್ಲಿ ಎಂದು ಹೇಳಲೇ?” ಎಂದಳು. ಈ ಸಂಗತಿಯನ್ನು ಅವಳ ಒಪ್ಪಿಗೆ ಪಡೆದೇ ಬರೆದಿದ್ದೇವೆ. ಬಳೆ ಎಲ್ಲಿ ಸಿಕ್ಕಿತೆಂಬದನ್ನು ಮಾತ್ರ ಬರೆಯಕೂಡದೆಂದು ಅವಳ ಕಟ್ಟಪ್ಪಣೆ.

ಅಂದಿನಿಂದ ಆ ಪಿರಿಯಡಿನ ನಿಯಮವು ಬದಲಾಯಿತು. ನೋಡಿದ್ದು, ಓದಿದ್ದು, ತಿಂದದ್ದು, ಕೇಳಿದ್ದು, ಯಾವದಾದರೂ ಆಗಬಹುದು; ಅದು ಹೇಳುವವಳಿಗೆ ಸಂತೋಷ ಕೊಟ್ಟಿರಬೇಕು, ಅಷ್ಟೇ. ಹೀಗೆ ಕೇಳಿದ ಮೇಲೆ ನಮ್ಮ ಮಕ್ಕಳ ವಿಷಯದಲ್ಲಿ ನಾವು ತಿಳಿದುಕೊಂಡದ್ದು ಇಪ್ಪತ್ತು ವರ್ಷಗಳ ಹಾಜರಿ ಪುಸ್ತಕದಲ್ಲಿಯೂ ಸಿಕ್ಕಿರಲಿಲ್ಲ. ಒಬ್ಬಳಿಗೆ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಜಾಗ ಸಿಕ್ಕಿತು. ಒಬ್ಬಳ ಮನೆಯ ದನವು ನಡುರಾತ್ರಿಯಲ್ಲಿ ಕರು ಹಾಕಿತು. ದುಬಾಯಿಯಲ್ಲಿರುವ ತಂದೆಯು ಫೋನಿನಲ್ಲಿ ಅಲ್ಲಿಯ ಮಳೆಯನ್ನು ತೋರಿಸಿದರೆಂದು ಒಬ್ಬಳು ಹೇಳಿದಳು. ನಾಲ್ಕು ತಿಂಗಳು ಮಳೆಯಲ್ಲಿ ನೆನೆಯುವ ನಮಗೆ ಮಳೆಯನ್ನು ತೋರಿಸುವದೇ ಎಂದು ಎಲ್ಲರೂ ನಕ್ಕರು, ಅವಳೂ ನಕ್ಕಳು. ನಮ್ಮ ಸರದಿಯನ್ನೂ ಅವರು ಬಿಡುವದಿಲ್ಲ. ನಾವು ಹಲಸಿನ ಹಪ್ಪಳದ ಮಾತನ್ನೂ, ಜೂನಿನ ಮೊದಲ ಮಳೆಯು ಹಂಚಿನ ಮೇಲೆ ಬೀಳುವ ಸದ್ದನ್ನೂ ಹೇಳಿದೆವು. 1865ರಲ್ಲಿ ಬಾಸೆಲ್ ಮಿಷನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದರೆಂಬದನ್ನು ಪಾಠದಂತೆ ಸೇರಿಸಹೋದಾಗ, “ಟೀಚರ್, ಇದು ಸಂತೋಷದ ಪಿರಿಯಡ್” ಎಂದು ನಮ್ಮನ್ನು ಎಚ್ಚರಿಸಿದರು.

ಓದಿನ ಸಂತೋಷವು ಇದರಿಂದ ಕುಂದಿತೋ ಎಂದರೆ, ಇಲ್ಲ. ಈಗ ನಮ್ಮ ತಾಯಿಯ ಕಣ್ಣೂ ಮಂದವಾಗಿದೆ. ರಾತ್ರಿ ಊಟವಾದ ಮೇಲೆ ನಾವು ಅವರಿಗೆ ಓದಿ ಹೇಳುತ್ತೇವೆ. ಹೀಗೆ ಮುಗಿಸಿದ ಪುಸ್ತಕಗಳಲ್ಲಿ ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ ಒಂದು. 1976ರಲ್ಲಿ ಪ್ರಕಟವಾದ ಈ ಕಾದಂಬರಿಯು ಬಾಲ್ಯದಲ್ಲಿಯೇ ವಿಧವೆಯಾದ ಹೆಣ್ಣೊಬ್ಬಳ ದೀರ್ಘ ಜೀವನವನ್ನು ಕುರಿತದ್ದು. ನಾವು ಶಾಲೆಯಲ್ಲಿ ಮೌನವಾಗಿ ಓದಿದಾಗ ಅದು ದುಃಖದ ಕತೆಯೆಂದೇ ತಿಳಿದಿದ್ದೆವು. ಗಟ್ಟಿಯಾಗಿ ಓದಿದಾಗ ತಾಯಿಯು ಅಲ್ಲಲ್ಲಿ ತಡೆದು, “ಇಂಥವರನ್ನು ನಾನು ಬಲ್ಲೆ” ಎಂದು ತಮ್ಮ ಕಾಲದ ಒಬ್ಬೊಬ್ಬರ ಹೆಸರನ್ನು ಹೇಳಿದರು. ನಾವು ಎಂದೂ ಕೇಳದಿದ್ದ ಹೆಸರುಗಳವು. ಹನ್ನೆರಡನೆಯ ವಯಸ್ಸಿನಲ್ಲಿ ಮದುವೆಯಾದ ಇಂದಿರಾ ಅವರ ಮೊದಲ ಕಾದಂಬರಿಯು ಹೊರಬಂದದ್ದು 1963ರಲ್ಲಿ, ಅವರಿಗೆ ನಾಲ್ವತ್ತು ದಾಟಿದ ಮೇಲೆ. ಮನೆಗೆಲಸದಲ್ಲಿ ಮುಳುಗಿ ಓದುಬರಹವನ್ನು ಬಿಟ್ಟೆವೆಂದು ನಮಗೆ ಕಾಗದ ಬರೆಯುವ ಪೂರ್ವವಿದ್ಯಾರ್ಥಿನಿಯರು ಇದನ್ನು ನೆನಪಿನಲ್ಲಿಡಲಿ.

2025ರ ಮೇ 20ರಂದು ಹಾಸನದ ಬಾನು ಮುಷ್ತಾಕ್ ಅವರ ಹನ್ನೆರಡು ಕತೆಗಳ ಸಂಗ್ರಹವಾದ ‘ಹಾರ್ಟ್ ಲ್ಯಾಂಪ್’ಗೆ ಲಂಡನ್ನಿನಲ್ಲಿ ಅಂತರರಾಷ್ಟ್ರೀಯ ಬೂಕರ್ ಬಹುಮಾನವು ದೊರೆಯಿತು. ಅವನ್ನು ಇಂಗ್ಲಿಷಿಗೆ ತಂದವರು ಮಡಿಕೇರಿಯ ದೀಪಾ ಭಾಸ್ತಿ ಅವರು. ಐವತ್ತು ಸಾವಿರ ಪೌಂಡುಗಳನ್ನು ಬರೆದವರಿಗೂ ಅನುವಾದಿಸಿದವರಿಗೂ ಸಮವಾಗಿ ಹಂಚುವದು ಆ ಬಹುಮಾನದ ಕ್ರಮ. ಕನ್ನಡಕ್ಕೆ ಇದು ಮೊದಲನೆಯದು. ಶಾಲೆ ತೆರೆದ ಮೊದಲ ಶುಕ್ರವಾರ ಮೂವರು ಬಾಲಿಕೆಯರು ಇದೇ ವಿಷಯವನ್ನು ಹೇಳಲು ಎದ್ದರು. ಅವರಲ್ಲೊಬ್ಬಳು, “ನಮ್ಮ ಮನೆಯ ಹೆಂಗಸರು ಅಡಿಗೆಮನೆಯಲ್ಲಿ ಮಾತಾಡುವಂತೆಯೇ ಉಂಟು, ಟೀಚರ್, ಅದಕ್ಕೆ ಬಹುಮಾನ ಸಿಗುವದೆಂದು ನನಗೆ ಗೊತ್ತೇ ಇರಲಿಲ್ಲ” ಎಂದಳು.

ಇನ್ನು ಪರದೆಯ ವಿಷಯ. 2023ರ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ಚಂದ್ರಯಾನ–3 ಚಂದ್ರನ ಮೇಲೆ ಇಳಿದದ್ದನ್ನು ನಮ್ಮ ಸಭಾಂಗಣದಲ್ಲಿ ಎಲ್ಲರೂ ಕೂಡಿ ನೋಡಿದ್ದೆವು. ಅದು ವಿಜ್ಞಾನವಾದದರಿಂದ ನಮ್ಮ ಮನಸ್ಸಾಕ್ಷಿಯು ಅಡ್ಡಬರಲಿಲ್ಲ. ಆದರೆ 2025ರ ನವೆಂಬರ್ 2ರ ಭಾನುವಾರ ವಿದ್ಯಾರ್ಥಿನಿಲಯದ ಬಾಲಿಕೆಯರು, ನವಿ ಮುಂಬಯಿಯಲ್ಲಿ ನಡೆಯುವ ಸ್ತ್ರೀಯರ ವಿಶ್ವಕಪ್ ಕ್ರಿಕೆಟಿನ ಕಡೆಯ ಪಂದ್ಯವನ್ನು ತೋರಿಸಬೇಕೆಂದು ಅರ್ಜಿ ಬರೆದು ತಂದರು. ದೀಪ ಆರಿಸುವ ಹೊತ್ತು ಒಂಬತ್ತೂವರೆ. ಅಲ್ಲಿ ಮಳೆ ಬಂದು ಆಟವು ಎರಡು ಗಂಟೆ ತಡವಾಗಿ ಆರಂಭವಾಯಿತು. ಒಂಬತ್ತೂವರೆಗೆ ದಕ್ಷಿಣ ಆಫ್ರಿಕದವರು ಇನ್ನೂ ಆಡುತ್ತಲೇ ಇದ್ದರು. ಅರುವತ್ತು ಮುಖಗಳು ಪರದೆಯನ್ನು ಬಿಟ್ಟು ನಮ್ಮನ್ನು ನೋಡಿದವು. ನಾವು ಗಡಿಯಾರದ ಕಡೆಗೆ ಬೆನ್ನು ಮಾಡಿ ಕುಳಿತೆವು.

ಅಡಿಗೆಯ ಅಕ್ಕನವರಿಗೆ ಆಟದ ಗಂಧವೇ ಇಲ್ಲ, ಪ್ರತಿ ಚೆಂಡಿಗೂ “ಇದು ನಮ್ಮದೋ, ಅವರದೋ?” ಎಂದು ಕೇಳುತ್ತಿದ್ದರು. ಮಕ್ಕಳು ಅವರಿಗೆ ಹೇಳಿಕೊಟ್ಟರು: ಒಬ್ಬ ಆಟಗಾರ್ತಿಗೆ ಗಾಯವಾದದರಿಂದ ಕಡೆಯಲ್ಲಿ ತಂಡಕ್ಕೆ ಕರೆಯಲ್ಪಟ್ಟ ಶಫಾಲಿ ವರ್ಮಾ ಅವರೇ 87 ಓಟಗಳನ್ನು ಗಳಿಸಿದರೆಂದು, ದೀಪ್ತಿ ಶರ್ಮಾ ಅವರು ಐವರನ್ನು ಹೊರಗಟ್ಟಿದರೆಂದು. ನಡುರಾತ್ರಿಯ ಹೊತ್ತಿಗೆ ನಾಯಕಿ ಹರ್ಮನ್‌ಪ್ರೀತ್ ಕೌರ್ ಅವರು ಹಿಂದಕ್ಕೆ ಓಡಿ ಕಡೆಯ ಕ್ಯಾಚ್ ಹಿಡಿದಾಗ ಭಾರತವು 52 ಓಟಗಳಿಂದ ಗೆದ್ದಿತ್ತು. ಮೊದಲು ಎದ್ದು ಕುಣಿದವರು ಅಡಿಗೆಯ ಅಕ್ಕನವರು. ಸೋಮವಾರದ ಮೊದಲ ಪಿರಿಯಡಿನಲ್ಲಿ ತೂಕಡಿಸಿದವರನ್ನು ಗಣಿತದ ಉಪಾಧ್ಯಾಯಿನಿಯು ಕ್ಷಮಿಸಿದರು. ಅವರೂ ತೂಕಡಿಸುತ್ತಿದ್ದರೆಂದು ಕೇಳಿದ್ದೇವೆ.

ತಾಯಿತಂದೆಗಳು ನಮ್ಮನ್ನು ತಪ್ಪು ತಿಳಿಯಬಾರದು. ಪರದೆಯ ಮುಂದೆ ಮಕ್ಕಳನ್ನು ಬಿಟ್ಟುಬಿಡಿರೆಂದು ನಾವು ಹೇಳುತ್ತಿಲ್ಲ. ಅಂಗೈಯಗಲದ ಫೋನು ಮನೆಮನೆಗೂ ಬಂದ ಮೇಲೆ ನಾಲ್ವರು ಒಂದೇ ಚಾವಡಿಯಲ್ಲಿ ಕುಳಿತು ನಾಲ್ಕು ಬೇರೆ ಚಿತ್ರಗಳನ್ನು ನೋಡುವದು ನಮಗೂ ತಿಳಿದಿದೆ. ಪುಸ್ತಕ ಹಿಡಿದ ನಾವೂ ಎಷ್ಟೋ ಸಂಜೆ ಹಾಗೆಯೇ ಕುಳಿತವರು. ಪುಸ್ತಕ ಮೇಲೋ ಪರದೆ ಮೇಲೋ ಎಂಬ ವಾದವನ್ನು ನಾವು ಬಿಟ್ಟಿದ್ದೇವೆ. ನೋಡಿದ ಮೇಲೆ, ಓದಿದ ಮೇಲೆ, ಅದನ್ನು ಹೇಳಿಕೊಳ್ಳಲು ಮನೆಯಲ್ಲಿ ಒಬ್ಬರು ಇದ್ದಾರೋ ಎಂದು ಮಾತ್ರ ಈಗ ಕೇಳುತ್ತೇವೆ. ಕೇಳುವವರಿಲ್ಲದ ಮಗುವು “ಏನೂ ಇಲ್ಲ” ಎಂದು ಹೇಳಲು ಬೇಗ ಕಲಿಯುತ್ತದೆ. ಅದನ್ನು ಕಲಿಸಿದ ಪಾಪದಲ್ಲಿ ನಮಗೂ ಒಂದು ಪಾಲಿದೆ.

ಆದದರಿಂದ ಎರಡು ವಿಜ್ಞಾಪನೆಗಳು. ತಾಯಿತಂದೆಗಳು ಇಂದು ರಾತ್ರಿ ಊಟದ ಹೊತ್ತಿನಲ್ಲಿ ಅಂಕಗಳ ಮಾತನ್ನು ಬದಿಗಿಟ್ಟು, ಈ ದಿನ ನಿನಗೆ ಯಾವದು ಸಂತೋಷವಾಯಿತು ಎಂದು ಮಗಳನ್ನು ಕೇಳಿರಿ. ಅವಳು ಹೇಳುವ ಮಾತು ಅಲ್ಪವೆಂದು ತೋರಿದರೂ ಕಡೆಯ ವರೆಗೆ ಕೇಳಿರಿ. ಪೂರ್ವವಿದ್ಯಾರ್ಥಿನಿಯರು, ಎಲ್ಲಿದ್ದರೂ ಸರಿ, ತಮ್ಮ ಒಂದು ಚಿಕ್ಕ ಸಂತೋಷವನ್ನು ಒಂದು ಕಾರ್ಡಿನಲ್ಲಿ ಬರೆದು ಶಾಲೆಗೆ ಕಳುಹಿಸಿರಿ. ಶುಕ್ರವಾರದ ಕಡೆಯ ಪಿರಿಯಡಿನಲ್ಲಿ ಅವನ್ನು ಓದಿಸುತ್ತೇವೆ. ಓದುವ ಕೆಲಸವನ್ನು ಯಾರಿಗೆ ಒಪ್ಪಿಸಬೇಕೆಂಬದು ಆಗಲೇ ನಿಶ್ಚಯವಾಗಿದೆ: ಈಗ ಪದವಿಪೂರ್ವ ತರಗತಿಯಲ್ಲಿ ಕಲಿಯುತ್ತಿರುವ ಆ ಬಾಲಿಕೆಯು ತಿಂಗಳಿಗೊಮ್ಮೆ ಬಂದು ಓದಿಕೊಡುವೆನೆಂದು ಹೇಳಿದ್ದಾಳೆ. ಸಂಜೆಯ ಧಾರಾವಾಹಿಯ ಹೊತ್ತಿಗೆ ಮಾತ್ರ ತನ್ನನ್ನು ಮನೆಗೆ ಬಿಡಬೇಕೆಂದು ಕರಾರು.