ಪಳಗಿದ ಮೃಗ

ದಕ್ಷಿಣ ಫ್ರಾನ್ಸಿನ ಪ್ರೊವಾನ್ಸ್ ಪ್ರಾಂತದಲ್ಲಿ, ರೋನ್ ನದಿಯ ಎಡದಂಡೆಯ ಮೇಲೆ, ತರಾಸ್ಕೋನ್ ಎಂಬ ಚಿಕ್ಕ ಪಟ್ಟಣವಿದೆ. ಅವಿನ್ಯೋನಿನಿಂದ ರೈಲಿನಲ್ಲಿ ಹೊರಟ ನಾನು ಅಲ್ಲಿ ಇಳಿದದ್ದು 15ನೆಯ ಶತಮಾನದ ಕೋಟೆಯನ್ನು ಕಾಣುವ ಆಸೆಯಿಂದ. ಹಿಂದಿರುಗುವಾಗ ಮನಸ್ಸಿನಲ್ಲಿ ಉಳಿದದ್ದು ಕೋಟೆಯಲ್ಲ, ಒಂದು ಮೃಗ.

ಅದರ ಹೆಸರು ತರಾಸ್ಕ್. ಸಿಂಹದ ತಲೆ, ಆಮೆಯ ಚಿಪ್ಪು, ಆರು ಕಾಲು, ಸರ್ಪದ ಬಾಲ. ನದಿಯಲ್ಲಿ ಅವಿತು ದೋಣಿಗಳನ್ನು ಮುಳುಗಿಸಿ, ದಾರಿಹೋಕರನ್ನು ತಿನ್ನುತ್ತಿತ್ತಂತೆ. 13ನೆಯ ಶತಮಾನದಲ್ಲಿ ಯಾಕೋಬಸ್ ದ ವೊರಾಜಿನೆ ಲ್ಯಾಟಿನ್ನಿನಲ್ಲಿ ಸಂಕಲಿಸಿದ ಸಂತರ ಚರಿತೆಗಳಲ್ಲಿ ಈ ಕಥೆಯಿದೆ. ಕಡಲು ದಾಟಿ ಬಂದ ಸಂತ ಮಾರ್ತಾ ಮೃಗದ ಮೇಲೆ ಪವಿತ್ರ ಜಲವನ್ನು ಚಿಮುಕಿಸಿ ಶಿಲುಬೆಯನ್ನು ತೋರಿದಳು. ಅದು ಕುರಿಯಂತೆ ಸುಮ್ಮನೆ ನಿಂತಿತು. ತನ್ನ ನಡುಪಟ್ಟಿಯಿಂದ ಆಕೆ ಅದನ್ನು ಕಟ್ಟಿದಳು. ಆಗ ಜನರು ಭರ್ಜಿಗಳಿಂದ ಇರಿದು, ಕಲ್ಲೆಸೆದು ಅದನ್ನು ಕೊಂದರು.

ಮೃಗದಿಂದಲೇ ಊರಿಗೆ ಈ ಹೆಸರು ಬಂದಿತೆಂಬುದು ಐತಿಹ್ಯ. ಆದರೆ ಗ್ರೀಕ್ ಭೂಗೋಳಜ್ಞ ಸ್ಟ್ರಾಬೋ, ಈ ಕಥೆ ಬರಹಕ್ಕಿಳಿಯುವುದಕ್ಕೆ ಸಾವಿರಕ್ಕೂ ಹೆಚ್ಚು ವರ್ಷಗಳ ಮೊದಲೇ ಊರಿನ ಹೆಸರನ್ನು ದಾಖಲಿಸಿದ್ದಾನೆ. ಮೃಗವು ಊರಿಗೆ ಹೆಸರು ಕೊಟ್ಟದ್ದಕ್ಕಿಂತ, ಊರೇ ಮೃಗಕ್ಕೆ ಹೆಸರು ಕೊಟ್ಟಿತೆನ್ನುವುದು ಯುಕ್ತ. ಉಕ್ಕಿ ಹರಿಯುವ ನದಿಯ ಭಯವೇ ಅದಕ್ಕೆ ರೂಪವನ್ನೂ ಕೊಟ್ಟಿರಬಹುದು.

ಚರಿತ್ರೆಯ ಈ ಗಂಟನ್ನು ಬಿಡಿಸಿದರೂ ನನ್ನ ಮನಸ್ಸಿನ ಗಂಟು ಬಿಡಲಿಲ್ಲ. ಪಳಗಿದ ಮೇಲೆ ಕೊಂದದ್ದೇಕೆ? ಕೋಟೆಯ ಎದುರಿಗಿರುವ ದೇವಾಲಯದ ನೆಲಮಾಳಿಗೆಯಲ್ಲಿ ಮಾರ್ತಾಳ ಸಮಾಧಿಯಿದೆ. ಅದರ ಮುಂದೆ ನಿಂತಾಗ ನನಗೆ ನೆನಪಾದವಳು ನನ್ನ ಅಜ್ಜಿ. ನಾನು ಹತ್ತು ವರ್ಷದವನಿದ್ದಾಗ ಅಟ್ಟದಿಂದ ಕೇರೆಹಾವೊಂದು ಬಿದ್ದಿತ್ತು. ಅಜ್ಜಿ ಹೆದರದೆ ಅದರ ಮೇಲೆ ಬುಟ್ಟಿ ಕವುಚಿ, ತೋಟದಾಚೆ ಬಿಟ್ಟು ಬನ್ನಿರೆಂದಳು. ಹೊರಗೊಯ್ದ ಮೇಲೆ ನಾವು ಬಿಡಲಿಲ್ಲ. ಹೆಡೆಯೂ ಇಲ್ಲದ, ವಿಷವೂ ಇಲ್ಲದ ಆ ಜೀವದ ಮೇಲೆ ಬಿದ್ದ ಕಲ್ಲುಗಳಲ್ಲಿ ಒಂದು ನನ್ನದು. ಅಜ್ಜಿ ಬೈಯಲಿಲ್ಲ, ಮರುದಿನ ಊಟ ಮಾಡಲಿಲ್ಲ. ಜನರು ಮೃಗವನ್ನು ಕೊಲ್ಲುವಾಗ ಮಾರ್ತಾ ಏನೆಂದಳೆಂದು ಆ ಕಥೆಯೂ ಹೇಳುವುದಿಲ್ಲ.

ತರಾಸ್ಕೋನಿನವರು ಮೃಗವನ್ನು ಮರೆಯಲಿಲ್ಲ. 1474ರಲ್ಲಿ ದೊರೆ ರೆನೆ ಅದರ ಹೆಸರಿನಲ್ಲಿ ಉತ್ಸವವನ್ನು ಏರ್ಪಡಿಸಿದ. ಹಿಂದೆ ಪೆಂಟಕೋಸ್ಟ್ ಹಬ್ಬದಲ್ಲಿ ಅದರ ಪ್ರತಿಕೃತಿ ಬಾಲ ಬೀಸುತ್ತ ಜನರ ಮೇಲೆ ನುಗ್ಗುತ್ತಿತ್ತು. ಜುಲೈ 29ರ ಮಾರ್ತಾಳ ದಿನದಂದು ಹುಡುಗಿಯೊಬ್ಬಳ ಹಿಂದೆ ಸಾಧುವಾಗಿ ನಡೆಯುತ್ತಿತ್ತು. ಈಗಲೂ ಜೂನ್ ತಿಂಗಳಲ್ಲಿ ಅದು ಬೀದಿಗೆ ಬರುತ್ತದೆ. 2005ರಲ್ಲಿ ಯುನೆಸ್ಕೋ ಮನ್ನಣೆಯೂ ದೊರೆತಿದೆ.

ಕೊಂದವರ ಊರೇ ಕೊಲ್ಲಲ್ಪಟ್ಟದ್ದನ್ನು ವರ್ಷವರ್ಷವೂ ಮತ್ತೆ ಬದುಕಿಸಿ ನಡೆಸುತ್ತದೆ. ಇದನ್ನು ವಿಜಯೋತ್ಸವವೆಂದು ಕರೆಯಲು ನನಗೆ ಮನಸ್ಸು ಬರಲಿಲ್ಲ. ಪ್ರಾಯಶ್ಚಿತ್ತಕ್ಕೆ ಇಂಥದೊಂದು ದಾರಿ ಒಂದು ಊರಿಗಾದರೂ ದೊರೆಯಿತು. ಆ ಕೇರೆಹಾವಿಗಾಗಿ ನನ್ನ ಪಾಲಿಗಿರುವುದು ಈ ಬರಹ ಮಾತ್ರ.