ನೂರೆಂಟು ವರ್ಷದವರು

ನಮ್ಮ ಬ್ಯಾಂಕ್ ಶಾಖೆಯ ಪಿಂಚಣಿ ಲೆಡ್ಜರನ್ನು ಎರಡೂ ಕೈಯಲ್ಲಿ ಎತ್ತಬೇಕಿತ್ತು. ಒಬ್ಬರಿಗೆ ಒಂದು ಪುಟ. ಜನವರಿ, ಜುಲೈ ಲೆಕ್ಕದ ತುಟ್ಟಿಭತ್ಯೆಯ ಆದೇಶ ಯಾವಾಗಲೋ ಬರುತ್ತಿತ್ತು. ಬಂದಮೇಲೆ ಕ್ಯಾಲ್ಕುಲೇಟರ್ ಹಿಡಿದು ಒಂದೊಂದೇ ಪುಟ ತಿದ್ದುವುದು. ನನಗಿಂತ ಮುಂಚೆ ಆ ಸೀಟಿನಲ್ಲಿದ್ದವರು ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕಿದ್ದರು: ಇವರ ಕಮ್ಯುಟೇಶನ್ನಿಗೆ (ಪಿಂಚಣಿಯ ಒಂದು ಭಾಗವನ್ನು ಮೊದಲೇ ಇಡಿಗಂಟಾಗಿ ಪಡೆದದ್ದಕ್ಕೆ) ಇಂಥ ತಿಂಗಳು 15 ವರ್ಷ, ಆಮೇಲೆ ಕಡಿತ ನಿಲ್ಲಿಸಿ. ಅರಿಯರ್ಸ್ ಲೆಕ್ಕಕ್ಕೆ ಪುರುಸೊತ್ತಿಲ್ಲದೆ ಎಷ್ಟೋ ಮುದುಕರನ್ನು 'ಮುಂದಿನ ವಾರ ಬನ್ನಿ' ಎಂದು ಕಳಿಸಿದ್ದೇನೆ. ಆ ಕಾಲವೇ ಚೆನ್ನಾಗಿತ್ತು ಎನ್ನುವವರು ಕೌಂಟರಿನ ಈಚೆ ಕೂತವರು.

2008ರ ಕೊನೆಗೆ ಲೆಡ್ಜರನ್ನೆಲ್ಲ ಹೊಸ ಸಾಫ್ಟ್‌ವೇರಿಗೆ ತುಂಬುವ ಕೆಲಸ ಬಂತು. ಆರನೇ ವೇತನ ಆಯೋಗದ ಪರಿಷ್ಕರಣೆಯೂ ಅದೇ ಹೊತ್ತಿಗೆ. 80 ತುಂಬಿದವರಿಗೆ ಮೂಲ ಪಿಂಚಣಿಯ ಮೇಲೆ ಶೇ. 20 ಹೆಚ್ಚು, ನೂರು ತುಂಬಿದರೆ ಶೇ. 100.

ಪ್ರಾಯೋಗಿಕ ಪಟ್ಟಿ ತೆಗೆದರೆ ಕೆಲವರ ಮೊತ್ತ ಇಮ್ಮಡಿ. ಸೂತ್ರವೇ ತಪ್ಪೆಂದು ಎರಡು ದಿನ ಸಾಫ್ಟ್‌ವೇರಿನವರ ಜೊತೆ ಫೋನಿನಲ್ಲಿ ಜಗಳ. ಮೂರನೆಯ ಸಂಜೆ ಕಣ್ಣಿಗೆ ಬಿತ್ತು: ಇಮ್ಮಡಿಯಾದವರೆಲ್ಲ ಕುಟುಂಬ ಪಿಂಚಣಿಯ ಹೆಂಗಸರು. ಹಳೆಯ ಪಿಂಚಣಿ ಪಾವತಿ ಆದೇಶಗಳಲ್ಲಿ ಹೆಂಡತಿಯ ಜನ್ಮದಿನಾಂಕವೇ ಇರಲಿಲ್ಲ. ಆ ಕಾಲಂ ಖಾಲಿ ಬಿಟ್ಟರೆ ಸ್ಕ್ರೀನು ಮುಂದಕ್ಕೆ ಹೋಗದು. 01-01-1900 ಎಂದು ಒತ್ತಿ ಮುಂದೆ ಹೋಗಿದ್ದರು. ಯಂತ್ರ ಅವರಿಗೆಲ್ಲ 108 ವರ್ಷ ಹಾಕಿ, ನಿಯಮದ ಪ್ರಕಾರವೇ ಕೊಟ್ಟಿತ್ತು. ಒತ್ತಿದವರಲ್ಲಿ ನಾನೂ ಒಬ್ಬ.

ಪೆನ್ಸಿಲ್ ಗುರುತಿನ ಕಥೆ ಬೇರೆ. ಅದಕ್ಕೆ ಸ್ಕ್ರೀನಿನಲ್ಲಿ ಜಾಗ ಇತ್ತು, ಆದರೆ ಅಂಚನ್ನು ಯಾರೂ ಓದಲಿಲ್ಲ. 15 ವರ್ಷ ಮುಗಿದವರಿಗೂ ಕಡಿತ ಮುಂದುವರಿಯಿತು. ಹೆಚ್ಚು ಹೋಗುವುದನ್ನು ಮೂರು ದಿನದಲ್ಲಿ ಹಿಡಿದೆವು. ಕಡಿಮೆ ಹೋಗುವುದು ಹಿಂದಿನ ತಿಂಗಳ ಮೊತ್ತಕ್ಕೆ ಸರಿಯಾಗಿ ತಾಳೆಯಾಗುತ್ತಿತ್ತು. ಪಾಸ್‌ಬುಕ್ ಹಿಡಿದು ಅವರೇ ಬರುವವರೆಗೆ ಗೊತ್ತಾಗಲಿಲ್ಲ.

ಈಗ ನಾನೂ ಪಿಂಚಣಿದಾರ. ತುಟ್ಟಿಭತ್ಯೆ ತಾನಾಗಿ ಜಮಾ ಆಗುತ್ತದೆ, ನವೆಂಬರಿನಲ್ಲಿ ಮೊಬೈಲಿಗೆ ಮುಖ ತೋರಿಸಿದರೆ ಲೈಫ್ ಸರ್ಟಿಫಿಕೇಟ್ ಮುಗಿಯಿತು. ಕಾಗದಗಳಲ್ಲಿ ನಾನು ಮೊದಲು ನೋಡಿದ್ದು ಹೆಂಡತಿಯ ಜನ್ಮದಿನಾಂಕ. ಜೂನ್ 1 ಎಂದಿದೆ. ಶಾಲೆಗೆ ಸೇರಿಸಿಕೊಂಡ ಮೇಷ್ಟ್ರು ಬರೆದದ್ದು. ಅವಳು ಹುಟ್ಟಿದ್ದು ದೀಪಾವಳಿಯ ಆಸುಪಾಸು.