ಕೆಳಗೆ ಬಿಟ್ಟ ಜಾಗ

ಅರಸೀಕೆರೆಯ ತೆಂಗಿನಕಾಯಿ ಮಂಡಿಯೊಂದರ ಯಜಮಾನರಿಗೆ ಕೆಂಪು ರಟ್ಟಿನ ಲೆಕ್ಕದ ಪುಸ್ತಕವೇ ಸರ್ವಸ್ವ. ಖಾಯಂ ಬರುವ ರೈತರ ಹೆಸರು ಬರೆದು ಕೆಳಗೆ ಅರ್ಧ ಪುಟ ಖಾಲಿ ಬಿಡುವುದು ಅವರ ರೂಢಿ. ಎಂಜಿನಿಯರಿಂಗ್ ಓದುವ ಮಗಳ ಕಣ್ಣಿಗೆ ಅದು ಕಾಗದ ದಂಡ. ರಜೆಗೆ ಬಂದವಳು ಅಪ್ಪನಿಗಾಗಿ ಜಾವಾದಲ್ಲಿ ಪುಟ್ಟ ಪ್ರೋಗ್ರಾಂ ಬರೆದಳು.

ಮೊದಲು ಖಾಲಿ ಪಟ್ಟಿ ತೆರೆದು, ಒಂದೊಂದು ಹೆಸರಿಗೂ 'ಆಡ್' ಎಂದು ಒಂದೊಂದು ಸಾಲು ಬರೆಯುವುದು ಹಳೆಯ ಕ್ರಮ. 2017ರಲ್ಲಿ ಬಂದ ಜಾವಾ 9ರಲ್ಲಿ ಅಷ್ಟು ಕಷ್ಟವಿಲ್ಲ. 'ಲಿಸ್ಟ್ ಡಾಟ್ ಆಫ್' ಎಂದು ಬರೆದು, ಕಂಸದೊಳಗೆ ಹೆಸರುಗಳನ್ನು ಅಲ್ಪವಿರಾಮ ಹಾಕಿ ಜೋಡಿಸಿದರೆ ಸಾಕು. ಐದು ಹೆಸರು, ಒಂದೇ ಸಾಲು. ಮಗಳು ಬೀಗಿದಳು.

ಮರುದಿನ ಬೆಳಿಗ್ಗೆ ಹೊಸಬರೊಬ್ಬರು ಗಾಡಿ ತುಂಬ ಕಾಯಿ ತಂದರು. ಆರನೆಯ ಹೆಸರು ಸೇರಿಸಿದ್ದೇ ತಡ, ಪ್ರೋಗ್ರಾಂ ನಿಂತುಹೋಯಿತು. ಬರೆಯುವಾಗ ತಕರಾರು ತೆಗೆಯದ ಕಂಪ್ಯೂಟರ್ ನಡೆಯುವಾಗ ಮುಷ್ಕರ ಹೂಡಿತ್ತು.

"ನನ್ ಹೆಸರು ಬರಲಿಲ್ವಾ ತಾಯಿ?" ಎಂದು ಆ ವೃದ್ಧರು ಪರದೆಯನ್ನೇ ನೋಡುತ್ತ ನಿಂತರು. ಅಪ್ಪ ಮಾತಾಡದೆ ಪುಸ್ತಕ ತೆರೆದು, ಖಾಲಿ ಜಾಗದಲ್ಲಿ ಅವರ ಹೆಸರು ಬರೆದುಕೊಂಡರು. ಮಗಳ ಮುಖ ಬಾಡಿತು.

ಆ ಭಾನುವಾರ ಮನೆಮಂದಿ ಬೇಲೂರಿಗೆ ಹೋಗಿ, 1117ರ ಚೆನ್ನಕೇಶವ ದೇವಾಲಯ ನೋಡಿಕೊಂಡು ಹಳೇಬೀಡಿಗೆ ಬಂದರು. ಹೊಯ್ಸಳೇಶ್ವರ ಗುಡಿಯ ಗೋಡೆಯ ತಳದಲ್ಲಿ ಆನೆಗಳ ಸಾಲು. ಅದರ ಮೇಲೆ ಸಿಂಹಗಳು, ಬಳ್ಳಿ, ಕುದುರೆ ಸವಾರರು. ಶತಮಾನಗಳಿಂದ ಅದೇ ಕ್ರಮ. ಇನ್ನೊಂದು ಆನೆ ಸೇರಿಸುವಂತಿಲ್ಲ, ಇದ್ದದ್ದನ್ನು ಕೀಳುವಂತಿಲ್ಲ. ಮಗಳಿಗೆ ತನ್ನ ತಪ್ಪು ಹೊಳೆದದ್ದು ಅಲ್ಲಿ. ಅವಳು ಬರೆದದ್ದು ಕಲ್ಲಿನ ಪಟ್ಟಿ. ವಾರದ ಏಳು ದಿನಗಳಿಗೆ ಅದು ಸರಿ, ದಿನಕ್ಕೊಬ್ಬ ಹೊಸಬರು ಬರುವ ಮಂಡಿಗಲ್ಲ. ಹಳೆಯ 'ಅರೇಸ್ ಡಾಟ್ ಆಸ್‌ಲಿಸ್ಟ್' ಕೂಡ ಅರ್ಧ ಕಲ್ಲೇ: ಇದ್ದ ಹೆಸರನ್ನು ಬದಲಿಸಬಹುದು, ಹೊಸದನ್ನು ಸೇರಿಸಲಾಗದು.

ಹಾಗೆಂದು ಚುಟುಕು ಸಾಲನ್ನು ಬಿಡಬೇಕಾಗಿರಲಿಲ್ಲ. ಅದನ್ನೇ 'ನ್ಯೂ ಅರೇಲಿಸ್ಟ್' ಎಂಬುದರ ಕಂಸದೊಳಗೆ ಇಟ್ಟರೆ ಆಯಿತು. ಆ ಹೆಸರುಗಳೆಲ್ಲ ಇನ್ನೊಂದು ಪಟ್ಟಿಗೆ ನಕಲಾಗುತ್ತವೆ. ಅದು ಬೇಕಾದಂತೆ ಬೆಳೆಯುತ್ತದೆ, ಕುಗ್ಗುತ್ತದೆ.

ಆ ರಾತ್ರಿಯೇ ಸಾಲು ತಿದ್ದಿ, ಮೊದಲು ಆ ವೃದ್ಧರ ಹೆಸರನ್ನೇ ಸೇರಿಸಿದಳು. ಈ ಸಲ ಪ್ರೋಗ್ರಾಂ ನಿಲ್ಲಲಿಲ್ಲ. ಅಪ್ಪ ಕನ್ನಡಕ ಏರಿಸಿ ಪರದೆಗೆ ಬಗ್ಗಿದರು.

"ಕೆಳಗೆ ಜಾಗ ಬಿಟ್ಟಿದ್ದೀಯೇನಮ್ಮಾ?"

"ಬಿಟ್ಟಿದ್ದೀನಪ್ಪ."

ಅಪ್ಪ ತಲೆದೂಗಿದರು. ಆದರೂ ಕೆಂಪು ಪುಸ್ತಕವನ್ನು ಮೇಜಿನ ಮೇಲಿಂದ ತೆಗೆಯಲಿಲ್ಲ.